ತಂಗಿಗೊಂದು ಖಣ, ಅಣ್ಣಗೊಂದು ಅಂಕಣ

ಅಕ್ಕಾರ, ವೈನಿಗೋಳ, ಓಣಿ ಗೆಳತ್ಯಾರ,

ಶ್ರಾವಣ ಹತ್ರ ಬಂತು. ಇನ್ನ ಮನಿಮನಿಯೊಳಗ ಟ್ರಂಕು ತಗದು ಖಣ ಎಣಸೋ ಕೆಲಸ ಸುರು. ಯಾರಿಗೆ ಯಾವ ಬಣ್ಣದ್ದು, ಯಾರು ಹೋದ ವರ್ಷ ನಮಗ ಎಂಥಾದ್ದು ಕೊಟ್ಟಿದ್ರು, ಯಾವುದು ತಿರುಗಿ ಕೊಟ್ಟವರ ಮನಿಗೇ ಹೋಗಬಾರದು – ಈ ಲೆಕ್ಕ ನಮ್ಮಷ್ಟು ಚೊಲೋ ಇಡೋ ಬ್ಯಾಂಕು ಯಾವುದೂ ಇಲ್ಲ. ಈ ಸಲ ಆ ಖಣದ ಬಗ್ಗೇನ ಬರೀತೀನಿ. ಅರಿವಿಗಿಂತ ಹೆಚ್ಚಾಗಿ ಆ ಶಬ್ದದ ಬಗ್ಗೆ. ಕಡೀಕ ನನ್ನ ಅಭಿಪ್ರಾಯ ಹೇಳ್ತೀನಿ. ಒಪ್ಪೋರು ಒಪ್ರಿ, ಒಪ್ಪದವರು ಚಾ ಕುಡಿಯಾಕ ಮನಿಗೆ ಬರ್ರಿ, ಕೂತು ಜಗಳಾಡೂಣು.

ನಮ್ಮ ಕಡೆ ಖಣ ಅಂದ್ರ ಮೊದ್ಲ ಕಣ್ಣಿಗೆ ಬರೋದು ಗುಳೇದಗುಡ್ಡದ ಖಣ. ಇಲಕಲ್ಲ ಸೀರಿಗೆ ಗುಳೇದಗುಡ್ಡದ ಖಣ ಅನ್ನೋದು ರೊಟ್ಟಿಗೆ ಎಣಗಾಯಿ ಪಲ್ಯ ಇದ್ದಂಗ. ಎರಡೂ ಬಾಗಲಕೋಟಿ ಜಿಲ್ಲಾದ ಊರು. ಒಂದೂರು ಸೀರಿ ನೇಯ್ತು, ಇನ್ನೊಂದೂರು ಅದರ ಜೋಡಿ ಕುಬಸದ ಅರಿವಿ ನೇಯ್ತು. ಎರಡೂ ಕಡೆ ಅಂಚು, ನಡುವ ತೇರು, ಸೂಜಿಮಲ್ಲಿಗಿ ಅಂತ ಸಣ್ಣ ಸಣ್ಣ ಚಿತ್ತಾರ. ಆ ಅಂಚು ತೋಳಿನ ತುದಿಗೆ ಬರೂ ಹಂಗ ಕತ್ತರಿಸಿ ಹೊಲಿಯೋದ ಒಂದು ಜಾಣತನ. ಈಗಿನ ಟೇಲರ್ ಹುಡುಗ್ಯಾರಿಗೆ ಅದನ್ನ ಎರಡು ಸಲ ಹೇಳಬೇಕಾಗತೈತಿ.

ಖಣಕ್ಕ ಮೊದ್ಲ ಮೀಟರಿನ ಲೆಕ್ಕ ಇರಲಿಲ್ಲ. ಒಂದು ಖಣ ಅಂದ್ರ ಒಂದು ಕುಬಸಕ್ಕ ಸಾಲೂವಷ್ಟು ಅರಿವಿ. ಅಂದ್ರ ಅದು ಅರಿವಿ ಹೆಸರೂ ಹೌದು, ಅಳತಿ ಹೆಸರೂ ಹೌದು. ಇದನ್ನ ನೆನಪಿಟ್ಟುಕೊಳ್ರಿ, ಮುಂದ ಬೇಕಾಗತೈತಿ.

ಹೆಣ್ಣುಮಗಳ ಜೀವನದ ಒಂದೊಂದು ಮೆಟ್ಟಿಲಿಗೂ ಒಂದೊಂದು ಖಣ ಐತಿ. ಲಗ್ನದಾಗ ಖಣ, ಬಾಣಂತನದಾಗ ಖಣ, ಪಂಚಮಿಗೆ ತವರಿಗೆ ಹೋಗಿ ಬರೂ ಮುಂದ ಖಣ. ಬಸುರಿಗೆ ಮಾಡೋ ಕಾರ್ಯಕ್ಕ ಬ್ಯಾರೆ ಕಡೆ ಸೀಮಂತ ಅಂದ್ರ ನಮ್ಮಲ್ಲಿ ನೇರ 'ಕುಬಸ ಮಾಡೋದು' ಅಂತೀವಿ. ಕಾರ್ಯಕ್ಕ ಕಾರ್ಯಾನ ಅರಿವಿ ಹೆಸರು ಹೊತ್ತು ಕೂತೈತಿ. ಅಕ್ಕಿ, ಕೊಬ್ಬರಿ ಬಟ್ಟಲ, ಎಲಿ ಅಡಿಕಿ, ಉತ್ತತ್ತಿ, ಅದರ ಜೋಡಿ ಒಂದು ಖಣ ಇಟ್ಟು ಉಡಿ ತುಂಬಿ ಕಳಿಸಿದ್ರ ತವರಿನವರ ಮನಸ್ಸಿಗೆ ಸಮಾಧಾನ, ಹೋಗಾಕಿ ಕಣ್ಣಾಗ ನೀರು.

ಇದು ನಮ್ಮ ಖಣ. ಈಗ ಇದೇ ಶಬ್ದ ಹಿಡಕೊಂಡು ಸ್ವಲ್ಪ ಬಡಗಣ ದಿಕ್ಕಿಗೆ ಹೋಗೂಣು.

ಮರಾಠಿಯೊಳಗೂ ಖಣ ಅಂದ್ರ ಕುಬಸದ ಅರಿವೀನ. ಅವರೂ ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬತಾರ. ಆದ್ರ ಅದೇ ಮರಾಠಿ ಮನಿ ಗಂಡಸೂರು ಕೂತು ಮಾತಾಡೂ ಮುಂದ 'ಐದು ಖಣದ ಮನಿ' ಅಂದ್ರ ಅದರಾಗ ಅರಿವಿ ಸಂಬಂಧ ಇಲ್ಲ. ಅಲ್ಲಿ ಖಣ ಅಂದ್ರ ಎರಡು ತೊಲಿ ನಡುವಿನ ಜಾಗ. ಮನಿ ಎಷ್ಟು ದೊಡ್ಡದು ಅಂತ ಹೇಳಾಕ ಖಣ ಎಣಸಿದ್ರ ಆತು. ಮಾಳಿಗಿ ಮ್ಯಾಲ ಮಾಳಿಗಿ ಕಟ್ಟಿದ ವಾಡೆಕ್ಕ 'ಸಾತ ಖಣಿ' ಅಂದ್ರ ಏಳು ಅಂತಸ್ತಿಂದು. ಮೇಜಿನ ಸೇದೂ ಡಬ್ಬಿಗೂ ಖಣ, ಕಪಾಟಿನೊಳಗಿನ ಅರಿಗೂ ಖಣ. ನಿಪ್ಪಾಣಿ ಕಡೆಯಿಂದ ನಮ್ಮ ಬಳಗಕ್ಕ ಬಂದ ಸೊಸಿ ಒಬ್ಬಾಕಿ 'ಖಣದಾಗ ಖಣ ಇಟ್ಟೀನಿ ನೋಡ್ರಿ ಅತ್ತಿ' ಅಂದ್ರ ನಾವೆಲ್ಲ ನಕ್ಕಿದ್ವಿ. ಕಪಾಟಿನ ಖಣದೊಳಗ ಕುಬಸದ ಖಣ. ಆಕಿ ಹೇಳಿದ್ದು ಸರಿನ ಇತ್ತು.

ನಮ್ಮ ಕನ್ನಡದಾಗ ಮನಿ ಲೆಕ್ಕಕ್ಕ ಅಂಕಣ ಅಂತೀವಿ. ನಾಕು ಅಂಕಣದ ಮನಿ, ಆರು ಅಂಕಣದ ಮನಿ. ಎರಡು ಕಂಬದ ನಡುವಿನ, ಎರಡು ತೊಲಿ ನಡುವಿನ ಬಯಲ ಅಂದ್ರ ಅಂಕಣ. ಮಣ್ಣಿನ ಮಾಳಿಗಿ ಮನಿಯೊಳಗ ಬೆಳದವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಪಡಸಾಲಿಯಾಗ ಅಂಗಾತ ಮಲಗಿದ್ರ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ ಕಾಣ್ತಿತ್ತು. ನಿದ್ದಿ ಬರೂತನ ಜಂತಿ ಎಣಸೋದ ನಮ್ಮ ಆಟ.

ನಮ್ಮ ಗುಡಿಗಳಿಗೂ ಇದ ಲೆಕ್ಕ. ಹೊಯ್ಸಳರ ಗುಡಿಯೊಳಗಿನ ನವರಂಗಕ್ಕ ಆ ಹೆಸರು ಬಂದಿದ್ದ ನಡುವಿನ ನಾಕು ಕಂಬದ ಸುತ್ತ ಒಂಬತ್ತು ಅಂಕಣ ಆಗತಾವ ಅಂತ. ಅಷ್ಟು ದೂರ ಯಾಕ, ನಮ್ಮ ಐಹೊಳಿ ಲಾಡಖಾನ ಗುಡಿಗೆ ಹೋಗಿ ನಡುವ ನಿಂತು ಮ್ಯಾಲ ನೋಡ್ರಿ. ಸಾಲು ಕಂಬ, ಕಂಬದ ಮ್ಯಾಲ ಕಲ್ಲಿನ ತೊಲಿ. ಹೊರಗ ನಿಂತು ಮಾಳಿಗಿ ನೋಡಿದ್ರ ಹಾಸಗಲ್ಲಿನ ಸಂದಿ ಮುಚ್ಚಾಕ ಉದ್ದಾನ ಕಲ್ಲಿನ ಪಟ್ಟಿ ಇಟ್ಟಾರ, ಕಟ್ಟಿಗಿ ಮನಿ ನೋಡಿಕೊಂಡ ಕಲ್ಲಾಗ ಕಟ್ಟಿದಂಗ. ದೇವರ ಮನಿ ಆದ್ರೂ ಲೆಕ್ಕ ನಮ್ಮ ಮನೀದ.

ತೆಲುಗಿನವರೂ ಅಂಕಣಂ ಅಂತಾರ. ನೆಲ್ಲೂರು, ತಿರುಪತಿ ಕಡೆ ಇವತ್ತಿಗೂ ಸೈಟು ಮಾರೋದು ಅಂಕಣದ ಲೆಕ್ಕದಾಗ. ಮ್ಯಾಲ ತೊಲಿನೂ ಇಲ್ಲ, ಬದೀಗೆ ಕಂಬಾನೂ ಇಲ್ಲ, ಬರೇ ಖಾಲಿ ಜಾಗಾ, ಅಳತಿ ಮಾತ್ರ ಅಂಕಣ. ಕಂಬ ಹೋದ್ರೂ ಹೆಸರು ಉಳೀತು.

ಇನ್ನೊಂದು ಚಂದ ಐತಿ. ಪೇಪರಿನಾಗ ವಾರಕ್ಕೊಮ್ಮೆ ಒಬ್ಬರ ಬರೆಯೋ ಲೇಖನಕ್ಕ ನಾವು ಅಂಕಣ ಅಂತೀವಿ, ಬರೆಯೋರಿಗೆ ಅಂಕಣಕಾರ ಅಂತೀವಿ. ಇಂಗ್ಲೀಷಿನಾಗ ಅದಕ್ಕ ಕಾಲಂ ಅಂತಾರ. ಕಾಲಂ ಅಂದ್ರ ಕಂಬ. ಅವರ ಕಣ್ಣಿಗೆ ಅಕ್ಷರದ ಸಾಲು ನಿಂತ ಕಂಬ ಹಂಗ ಕಂಡ್ತು. ನಮ್ಮವರ ಕಣ್ಣಿಗೆ ಎರಡು ಗೆರಿ ನಡುವಿನ ಜಾಗ ಕಂಡ್ತು. ಅವರು ಕಂಬ ಎಣಿಸಿದ್ರು, ನಾವು ನಡುವ ಕೂಡಾಕ ಜಾಗ ಎಷ್ಟೈತಿ ಅಂತ ಎಣಿಸಿದ್ವಿ. ನನಗ ನಮ್ಮದ ಚೊಲೋ ಅನಸತೈತಿ. ಮನಿ ಅಂದ್ರ ಕಂಬ ಅಲ್ಲ, ನಡುವಿನ ಜಾಗ.

ಅರಿವಿಗೂ ಮನಿಗೂ ಒಂದ ಶಬ್ದ ಅನ್ನೋದು ಬರೇ ಮರಾಠಿ ಚಮತ್ಕಾರ ಅಂತ ತಿಳೀಬ್ಯಾಡ್ರಿ. ಇಂಗ್ಲೀಷಿನಾಗ ಕಿಡಕಿಯ ಒಂದು ಗಾಜಿನ ತುಂಡಿಗೆ ಪೇನ್ ಅಂತಾರ. ಬಾಗ್ಲದ ಹಲಗಿಗೆ, ಗ್ವಾಡಿಗೆ ಬಡಿಯೋ ಹಲಗಿಗೆ ಪ್ಯಾನಲ್ ಅಂತಾರ. ಇವೆರಡೂ ಪನ್ನುಸ್ ಅನ್ನೋ ಲ್ಯಾಟಿನ್ ಶಬ್ದದಿಂದ ಬಂದಾವ. ಪನ್ನುಸ್ ಅಂದ್ರ ಅರಿವಿ ತುಂಡು! ಟೇಲರ್ ಅಂಗಡ್ಯಾಗ ಇವತ್ತಿಗೂ 'ಪ್ಯಾನಲ್ ಹಾಕಿ ಹೊಲೀರಿ' ಅಂತೀವಲ್ಲ, ಅದು ತಿರುಗಿ ತನ್ನ ತವರಿಗೆ ಬಂದಂಗ.

ಇಲ್ಲಿ ಒಂದು ಕೆಲಸದ ಮಾತು. ಖಣ ಬ್ಯಾರೆ, ಖಾನೆ ಬ್ಯಾರೆ. ದವಾಖಾನಿ, ಕಾರಖಾನಿ, ಇವು ಫಾರ್ಸಿ ಕಡೆಯಿಂದ ಬಂದ 'ಖಾನಾ'. ಅಲ್ಲಿ ಖಾನಾ ಅಂದ್ರ ಮನಿ. ದವಾದ ಮನಿ ದವಾಖಾನಿ. ಹಿಂದ ಜನಗಣತಿಗೆ ಖಾನೇಷುಮಾರಿ ಅಂತಿದ್ದರು, ಮನಿ ಎಣಸೋ ಕೆಲಸ ಅಂತ. ಆದ್ರ ನೋಡ್ರಿ, ಉರ್ದು ಒಳಗ ಚದುರಂಗದ ಒಂದೊಂದು ಚೌಕಕ್ಕೂ ಖಾನಾ, ಫಾರ್ಮು ತುಂಬೂ ಮುಂದ ಹೆಸರು ಬರಿಯೋ ಗೆರಿ ನಡುವಿನ ಜಾಗಕ್ಕೂ ಖಾನಾ. ನಾವೂ ಚೌಕಾಬಾರಾ ಆಡೂ ಮುಂದ ಒಂದೊಂದು ಚೌಕಕ್ಕ 'ಮನಿ' ಅಂತೀವಿ. ಶಬ್ದ ಬ್ಯಾರೆ, ಬುದ್ಧಿ ಒಂದ. ಗೆರಿ ಕೊರದು ಒಳಗ ಜಾಗ ಮಾಡಿದ್ರ ಅದು ಮನಿ.

ನಮ್ಮ ಮಗ್ಗದ ಮಾತಿನೊಳಗೂ ಮನಿ ತುಂಬೈತಿ. ಇಲಕಲ್ಲ ಸೀರಿಯ ಸೆರಗಿಗೆ ಟೋಪ ತೆನಿ ಸೆರಗು ಅಂತೀವಿ. ತೆನಿ ಅಂದ್ರ ಜೋಳದ ತೆನಿ, ಕೋಟಿ ಗ್ವಾಡಿ ತುದಿಗೆ ಸಾಲಾಗಿ ನಿಂತಿರೂ ಕಲ್ಲಿಗೂ ಕನ್ನಡದಾಗ ತೆನಿ ಅಂತಾರ. ಹೊಲದ್ದೊಂದು, ಕೋಟೀದೊಂದು, ಸೆರಗಿಂದೊಂದು. ಆ ಸೀರಿಯ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಎಳಿಗೆ ಎಳಿ ಸಿಗಿಸಿ ಕೂಡಸ್ತಾರ. ಅದಕ್ಕ ಕೊಂಡಿ ಅಂತಾರ. ಬಾಗಲದ ಚಿಲಕಕ್ಕೂ ಕೊಂಡಿ, ಸೀರಿ ಸೆರಗಿಗೂ ಕೊಂಡಿ. ಉದ್ದಕ ಹಾಕಿದ ನೂಲಿಗೆ ಹಾಸು, ನೆಲಕ್ಕ ಹಾಕಿದ ಕಲ್ಲಿಗೆ ಹಾಸಗಲ್ಲು. ಮರಾಠ್ಯಾಗ ನಮ್ಮ ಉಡಿಗೆ ಓಟಿ ಅಂತಾರ. ಕೊಂಕಣದ ಕಡೆ ಮನಿ ಮುಂದಿನ ಜಗಲಿಗೂ ಓಟಿ ಅಂತಾರ. ಬಂದವರು ಮೊದ್ಲ ಬಂದು ಕೂಡೋ ಜಾಗಾನೂ ಓಟಿ, ಹೊಟ್ಟಿ ಮ್ಯಾಲ ಸೀರಿ ಕಟ್ಟಿ ಕೊಟ್ಟದ್ದನ್ನ ಇಸಗೊಳ್ಳೋ ಜಾಗಾನೂ ಓಟಿ.

ಯಾಕ ಹಿಂಗ? ನನಗ ತಿಳದ ಕಾರಣ ಹೇಳ್ತೀನಿ. ಮನಿ ಅಂಕಣ ಎಷ್ಟು ಅಗಲ ಇರಬೇಕು ಅಂತ ತೀರ್ಮಾನ ಮಾಡೋದು ಕಟ್ಟಿಗಿ. ಒಂದು ತೊಲಿ ಬಾಗದಂಗ ಎಷ್ಟು ಉದ್ದಕ ಮಣ್ಣಿನ ಭಾರ ತಾಳತೈತೋ ಅಷ್ಟಕ್ಕೊಂದು ಕಂಬ. ಖಣ ಎಷ್ಟು ಅಗಲ ಇರಬೇಕು ಅಂತ ತೀರ್ಮಾನ ಮಾಡೋದೂ ಕಟ್ಟಿಗಿನ. ಕುಣಿ ಮಗ್ಗದಾಗ ಕೂತವರ ಕೈ ಎಷ್ಟು ದೂರ ಲಾಳಿ ಓಡಿಸತೈತೋ, ಮಗ್ಗದ ಪಟ್ಟಿ ಎಷ್ಟು ಅಗಲ ಐತೋ ಅಷ್ಟ ಅರಿವಿ. ಎರಡೂ ಮೈಗೆ ತಕ್ಕ ಅಳತಿ. ಒಂದು ಮೈ ಮುಚ್ಚಾಕ ಸಾಲೂವಷ್ಟು, ಒಂದು ಮೈ ಚಾಚಿ ಮಲಗಾಕ ಸಾಲೂವಷ್ಟು. ದೊಡ್ಡದರೊಳಗಿಂದ ಅಳದು ತಗದ ಒಂದು ಪಾಲು. ಅದಕ್ಕ ಒಂದ ಶಬ್ದ ಎರಡೂ ಕಡೆ ಸಲೀಸಾಗಿ ಕೂತು ಬಿಟ್ಟಿತು.

ಇಲ್ಲೀತನ ಶಬ್ದದ ಮಾತು ಆತು. ಇನ್ನ ಪಾಲಿನ ಮಾತು.

ಅಣ್ಣ-ತಮ್ಮರು ಬ್ಯಾರೆ ಆಗೂ ಮುಂದ ನಮ್ಮ ಕಡೆ ಏನ ಮಾಡ್ತಾರ? ಹಿರಿಯಾರು ನಾಕು ಮಂದಿ ಕೂತು ಅಂಕಣ ಎಣಸ್ತಾರ. ಆರು ಅಂಕಣ ಇದ್ರ ಮೂರು ನಿನಗ, ಮೂರು ನಿನಗ. ನಡುವ ಗ್ವಾಡಿ ಏಳತೈತಿ, ಒಂದ ಪಡಸಾಲಿ ಎರಡಾಗತೈತಿ, ಎರಡು ಒಲಿ ಹತ್ತತಾವ. ದೇವರ ಮನಿ ಯಾರ ಕಡೆ, ಹಗೇವು ಯಾರ ಕಡೆ, ಬಾವಿ ನೀರಿಗೆ ದಾರಿ ಯಾವ ಕಡೆಯಿಂದ – ಎಲ್ಲಾನೂ ಬರದು ವಾಟ್ನಿ ಪತ್ರ ಮಾಡ್ತಾರ. ಅವತ್ತ ಅಕ್ಕ-ತಂಗ್ಯಾರನ್ನೂ ಕರಸ್ತಾರ. ಹೋಳಗಿ ಊಟ ಇರತೈತಿ. ಸಹಿ ಬೇಕಾಗಿರತೈತಿ. ಸಹಿ ಆದ ಮ್ಯಾಲ ಒಂದು ಸೀರಿ, ಒಂದು ಖಣ, ಉಡಿ ತುಂಬಿ ಬಸ್ಸಿಗೆ ಕೂಡಸ್ತಾರ.

ನೋಡ್ರಿ ಆ ಶಬ್ದ ಹೆಂಗ ಎರಡು ಹೋಳಾತು. ಒಂದ ತಾಯಿ ಹೊಟ್ಟ್ಯಾಗ ಹುಟ್ಟಿದ ಇಬ್ಬರಿಗೆ ಒಂದೊಂದು ತುಂಡು ಬಂತು. ಅಣ್ಣಗ ಬಂದ ತುಂಡಿಗೆ ಕಂಬ ಐತಿ, ತೊಲಿ ಐತಿ, ಬಾಗಲ ಐತಿ. ತಂಗಿಗೆ ಬಂದ ತುಂಡಿಗೆ ಅಂಚು ಐತಿ.

ನಾ ಖಣವನ್ನ ಸಣ್ಣದು ಮಾಡಿ ಮಾತಾಡಾಕತ್ತಿಲ್ಲ. ಕೊಟ್ಟವರ ಪ್ರೀತಿ ಸುಳ್ಳಲ್ಲ. ನನ್ನ ಮಾತು ಇಷ್ಟ: ಉಡಿ ತುಂಬೋ ಖಣ ಪ್ರೀತಿಯ ಗುರುತಾಗಿರಬೇಕು, ಹಕ್ಕಿನ ಬೆಲಿ ಆಗಬಾರದು. ಪ್ರೀತಿ ಹೆಸರಿಲೆ ಕೊಟ್ಟು ಲೆಕ್ಕದ ಹೆಸರಿಲೆ ಸಹಿ ತಗೊಂಡ್ರ ಅದು ಉಡಿ ತುಂಬಿದ್ದಲ್ಲ, ವ್ಯಾಪಾರ.

ನಮ್ಮ ಬಳಗದಾಗಿನ ಒಬ್ಬ ಸ್ವಾದರತ್ತಿ ಕತಿ ಹೇಳ್ತೀನಿ, ಹೆಸರು ಬ್ಯಾಡ. ವಾಟ್ನಿ ದಿನ ಆಕಿಗೆ ಚೊಲೋ ಸೀರಿ ಖಣ ಕೊಟ್ರು. ಕಚೇರಿಯೊಳಗ ಕಾಗದ ಮುಂದಿಟ್ರು, ಆಕಿ ಸಹಿ ಹಾಕಿದ್ಲು. ಒಳಗ ಏನು ಬರದೈತಿ ಅಂತ ಓದಿ ಹೇಳೋರು ಅಲ್ಲಿ ಯಾರೂ ಇರಲಿಲ್ಲ, ಕೇಳೋ ಪದ್ಧತಿನೂ ಇರಲಿಲ್ಲ. ಹತ್ತು ವರ್ಷದ ಮ್ಯಾಲ ಗಂಡ ಹೋದ. ಗಂಡನ ಮನ್ಯಾಗ ಮೈದುನರ ಕಾಲದಾಗ ಆಕಿಗೆ ಕಷ್ಟ ಆತು. ತವರಿಗೆ ಬಂದ್ಲು. ಅಣ್ಣಂದಿರು ಕೆಟ್ಟವರಲ್ಲ, ಇಟ್ಟುಕೊಂಡ್ರು. ಆದ್ರ ಪಡಸಾಲಿಯ ಮೂಲ್ಯಾಗ ಒಂದು ಟ್ರಂಕು, ಒಂದು ಹಾಸಿಗಿ ಸುರುಳಿ, ಅಷ್ಟ ಆಕಿ ಜಾಗಾ. ಬೀಗರು ಬಂದ್ರ ಆ ಹಾಸಿಗೀನೂ ಎತ್ತಿ ಒಳಗ ಇಡಬೇಕಾಗ್ತಿತ್ತು. ಟ್ರಂಕಿನೊಳಗ ತವರಿಂದ ಬಂದ ಇಪ್ಪತ್ತು-ಮೂವತ್ತು ಖಣ ಮಡಿಚಿ ಇಟ್ಟಿದ್ಲು. ಗಂಡ ಹೋದ ಮ್ಯಾಲ ಆಕಿಗೆ ಹೊಸಾ ಖಣ ಯಾರೂ ಕೊಡಲಿಲ್ಲ. ಹಳೇವನ್ನ ಹೊಲಸಾಕೂ ಆಕಿ ಮನಸ್ಸು ಒಪ್ಪಲಿಲ್ಲ.

ಈ ಕಡೀ ಮಾತನ್ನ ನಾವು ಹೆಣ್ಣುಮಕ್ಕಳ ಕೂತು ವಿಚಾರ ಮಾಡಬೇಕು. ಗಂಡ ಇರೂತನ ಖಣದ ಮ್ಯಾಲ ಖಣ. ಗಂಡ ಹೋದ ದಿನದಿಂದ ಉಡಿ ತುಂಬೋ ಸಾಲಿನಾಗ ಆಕಿ ಇಲ್ಲ. ಅಂದ್ರ ಅಂಕಣ ಕೊಡೋದಿಲ್ಲ ಅಂತ ಗಂಡಸೂರು ತೀರ್ಮಾನ ಮಾಡಿದ್ರು, ಖಣ ಕೊಡೋದಿಲ್ಲ ಅಂತ ನಾವು ತೀರ್ಮಾನ ಮಾಡಿದ್ವಿ. ಒಂದು ತುಂಡಿನ ಲೆಕ್ಕ ಅವರ ಕೈಯಾಗ ಇರಬಹುದು, ಇನ್ನೊಂದು ತುಂಡಿನ ಲೆಕ್ಕ ಪೂರಾ ನಮ್ಮ ಕೈಯಾಗ ಐತಿ. ಅದನ್ನ ಬದಲ ಮಾಡಾಕ ಯಾವ ಕಾಯ್ದೆನೂ ಬೇಕಾಗಿಲ್ಲ.

ಗಂಡಸೂರ ಕೈಯಾಗಿನ ಲೆಕ್ಕಕ್ಕ ಮಾತ್ರ ಕಾಯ್ದೆ ಬಂದೈತಿ. ಅದನ್ನ ಸರಳ ಮಾತಿನಾಗ ಹೇಳ್ತೀನಿ, ಯಾಕಂದ್ರ ಬಾಳ ಮಂದಿಗೆ ಅರ್ಧ ಗೊತ್ತೈತಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆದಾಗ 23ನೇ ಕಲಮು ಅಂತ ಒಂದಿತ್ತು. ಮನಿ ಮಂದಿ ವಾಸ ಇರೋ ಮನಿಯೊಳಗ ಹೆಣ್ಣುಮಕ್ಕಳಿಗೆ ಪಾಲು ಇದ್ರೂ, ಗಂಡಸೂರು ತಾವಾಗಿ ಪಾಲು ಮಾಡಿಕೊಳ್ಳೂತನ ಆಕಿ 'ನನ್ನ ಅಂಕಣ ಬಿಡಿಸಿ ಕೊಡ್ರಿ' ಅನ್ನೂ ಹಂಗ ಇರಲಿಲ್ಲ. ಆ ಮನ್ಯಾಗ ಇರೋ ಹಕ್ಕಾದ್ರೂ? ಮಗಳಾದಾಕಿ ಲಗ್ನ ಆಗದಾಕಿ ಇರಬೇಕು, ಇಲ್ಲಾ ಗಂಡ ಬಿಟ್ಟಾಕಿ, ಗಂಡನ್ನ ಬಿಟ್ಟು ಬಂದಾಕಿ, ಇಲ್ಲಾ ಗಂಡ ಸತ್ತಾಕಿ ಇರಬೇಕು. ಅಂದ್ರ ತನ್ನ ಬಾಳೇವು ಮುರಕೊಂಡು ಬಂದ್ರ ಮಾತ್ರ ಹುಟ್ಟಿದ ಮನಿ ಸೂರಿನ ಕೆಳಗ ಜಾಗಾ!

ಕರ್ನಾಟಕದಾಗ 1994ರ ಜುಲೈ 30ರಿಂದ ಮಗಳಿಗೂ ಪಿತ್ರಾರ್ಜಿತ ಆಸ್ತಿಯೊಳಗ ಮಗನಷ್ಟ ಪಾಲು ಅಂತ ಕಾಯ್ದೆ ಬಂತು, ಆದ್ರ ಅದಕ್ಕಿಂತ ಮೊದ್ಲ ಲಗ್ನ ಆದವರನ್ನ ಹೊರಗಿಟ್ಟಿದ್ರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕ ಹೊಸಾ ತಿದ್ದುಪಡಿ ಬಂತು. ಲಗ್ನ ಆಗಿರಲಿ ಬಿಡಲಿ, ಮಗಳು ಹುಟ್ಟಿನಿಂದನ ಮಗನಷ್ಟ ಹಕ್ಕುದಾರಳು. ಆ 23ನೇ ಕಲಮನ್ನೂ ಕಿತ್ತು ಹಾಕಿದ್ರು. 'ಅವತ್ತಿಗೆ ಅಪ್ಪ ಬದುಕಿರಲಿಲ್ಲ, ಅದಕ್ಕ ನಿನಗಿಲ್ಲ' ಅಂತ ಬಾಳ ಮಂದಿ ಹೇಳತಿದ್ದರು. 2020ರ ಆಗಸ್ಟ್ 11ಕ್ಕ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಅವರ ಕೇಸಿನಾಗ ಅಪ್ಪ ಅವತ್ತಿಗೆ ಬದುಕಿರಬೇಕು ಅಂತೇನಿಲ್ಲ ಅಂತ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದ್ಲ ನೋಂದಣಿ ಆಗಿ ಇಲ್ಲಾ ಕೋರ್ಟಿನಿಂದ ಆಗಿ ಮುಗದ ವಾಟ್ನಿ ಮಾತ್ರ ಹಂಗ ಉಳೀತೈತಿ. ಅಪ್ಪ ತಾನ ದುಡದು ಗಳಿಸಿದ್ದನ್ನ ಮೃತ್ಯುಪತ್ರ ಬರದು ಯಾರಿಗೆ ಬೇಕಾದ್ರೂ ಕೊಡಬಹುದು, ಅದು ಬ್ಯಾರೆ ಮಾತು. ನಮ್ಮ ಓಣಿ ಮುಸಲ್ಮಾನ ಅಕ್ಕಂದಿರಿಗೆ ಅವರ ಕಾಯ್ದೆನ ಬ್ಯಾರೆ ಐತಿ. ಅಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಮೊದಲಿಂದಲೂ ಬರದೈತಿ. ಅವರೂ ಎಷ್ಟು ಮಂದಿ ತಗೊಂಡಾರ ಅಂತ ಕೇಳಿದ್ರ ನಮ್ಮಂಗ ನಕ್ಕು ಸುಮ್ಮನಾಗತಾರ.

ಕಾಯ್ದೆ ಐತಿ, ಆದ್ರ ನಾವು ಯಾಕ ಕೇಳೂದಿಲ್ಲ? ಅಂಜಿಕಿ. ಪಾಲು ಕೇಳಿದ್ರ ಪಂಚಮಿಗೆ ಕರಿಯಾಕ ಯಾರು ಬರತಾರ? ಮಗಳ ಲಗ್ನದಾಗ ಸೋದರಮಾವನ ಜಾಗದಾಗ ಯಾರು ನಿಂದರತಾರ? ಅಣ್ಣನ ಕಡೆ ಕೋರ್ಟಿನ ನೋಟೀಸು ಹೋದ ದಿನ ತವರಿನ ಬಾಗಲ ಮುಚ್ಚತೈತಿ ಅನ್ನೋ ಅಂಜಿಕಿ. ಇದು ಸುಳ್ಳು ಅಂಜಿಕಿ ಅಂತ ನಾ ಹೇಳೂದಿಲ್ಲ. ಬಾಗಲ ಮುಚ್ಚಿದ್ದನ್ನ ನಾವೆಲ್ಲಾರೂ ಕಂಡೀವಿ. ನಾವ ವೈನಿ ಆಗಿ ನಾದಿನಿ ಮುಂದ ಮುಖಾ ಗಂಟ ಹಾಕಿದ್ದೂ ಓಣಿಗೆ ಗೊತ್ತಿಲ್ಲದ್ದಲ್ಲ. ಅಂಕಣದ ಪ್ರಶ್ನೆ ಬರೇ ಅಣ್ಣ-ತಂಗಿ ಪ್ರಶ್ನೆ ಅಲ್ಲ. ತವರಿನಾಗ ಪಾಲು ಬೇಕು ಅನ್ನಾಕಿನ ಗಂಡನ ಮನ್ಯಾಗ ನಾದಿನಿಗೆ ಪಾಲು ಬ್ಯಾಡ ಅಂತಾಳ.

ಇನ್ನ ಅಣ್ಣಂದಿರ ಮಾತೂ ಕೇಳಬೇಕು. 'ಲಗ್ನಕ್ಕ ಖರ್ಚು ಮಾಡೇವಿ, ಬಂಗಾರ ಹಾಕೇವಿ, ಬಾಣಂತನ ಮಾಡೇವಿ, ಅವ್ವ-ಅಪ್ಪನ್ನ ಕಡೀತನ ನೋಡಿಕೊಂಡೇವಿ' ಅಂತಾರ. ನೋಡಿಕೊಂಡ ಮಾತು ಖರೇ ಇದ್ರ ಅದಕ್ಕ ಬೆಲಿ ಐತಿ, ಕೂತು ಲೆಕ್ಕ ಮಾಡಲಿ. ಆದ್ರ ಲಗ್ನದ ಊಟ ಉಂಡವರು ಊರ ಮಂದಿ, ಬಂಗಾರ ಹೋಗಿದ್ದು ಬೀಗರ ಮನಿಗೆ. ಆಕಿ ಕೈಯಾಗ ಉಳದಿದ್ದೇನು? ಹಿಂದಿನವರಿಗೆ ಇದು ತಿಳದಿತ್ತು. ಮಗಳಿಗೆ ಅರಿಷಿಣ-ಕುಂಕುಮಕ್ಕಂತ ಹೊಲ ಬಿಟ್ಟುಕೊಡೋ ಪದ್ಧತಿ ನಮ್ಮ ನಾಡಿನಾಗ ಇತ್ತು. ಹೆಸರು ಅರಿಷಿಣ-ಕುಂಕುಮ, ಕೊಟ್ಟಿದ್ದು ಮಾತ್ರ ಮಣ್ಣು, ಬೆಳಿ ಬರೋ ಹೊಲ. ಮುಂದ ಮುಂದ ಹೊಲ ಹೋತು, ಅರಿಷಿಣ-ಕುಂಕುಮ ಮಾತ್ರ ಉಳೀತು. ಖಣಕ್ಕೂ ಹಂಗ ಆಗೈತಿ. ಈಗಂತೂ ಆ ಖಣಾನೂ ಖಣ ಅಲ್ಲ. ಹೊಲಸಾಕ ಬರದ ತೆಳ್ಳನ ಬ್ಲೌಸ್ ಪೀಸು, ಒಬ್ಬರ ಮನಿಯಿಂದ ಇನ್ನೊಬ್ಬರ ಮನಿಗೆ ಸುತ್ತಿ ಸುತ್ತಿ ಮಡಿಕಿ ಗೆರಿಯಾಗ ಹರಿಯೋ ಅರಿವಿ. ಗುಳೇದಗುಡ್ಡದ ನೇಕಾರ ಮಗ್ಗ ನಿಲ್ಲಸ್ತಾನ, ನಾವು ಪಾಲಿಸ್ಟರ್ ಸುತ್ತಸ್ತೀವಿ. ಕೊಡೋದಿದ್ರ ಒಂದ ಕೊಡ್ರಿ, ಹೊಲಿಸಿ ಉಡೂವಂಥಾದ್ದು ಕೊಡ್ರಿ.

ನನ್ನ ಅಭಿಪ್ರಾಯ ಈಗ ಬಿಡಿಸಿ ಹೇಳ್ತೀನಿ.

ಎಲ್ಲಾರೂ ಕೋರ್ಟಿಗೆ ಹೋಗ್ರಿ ಅಂತ ನಾ ಅನ್ನೂದಿಲ್ಲ. ತನ್ನ ಪಾಲು ಅಣ್ಣಗ ಬಿಡಬೇಕು ಅಂತ ಮನಸ್ಸಿದ್ದಾಕಿ ಬಿಡಲಿ, ಅದು ಆಕಿ ದೊಡ್ಡತನ. ಆದ್ರ ತನ್ನದು ಎಷ್ಟೈತಿ ಅಂತ ತಿಳಕೊಂಡು ಬಿಟ್ರ ಮಾತ್ರ ಅದು ದಾನ. ತಿಳೀದ ಬಿಟ್ಟದ್ದು ದಾನ ಅಲ್ಲ. ಹಕ್ಕು ಬಿಡುಗಡೆ ಪತ್ರ ಅಂತ ಬರದಿದ್ರ ಅದನ್ನ ಮನಿಗೆ ತಂದು, ಓದಾಕ ಬರೋ ಮಗಳ ಕಡೆಯಿಂದ ಓದಿಸಿ, ಎರಡು ದಿನ ಇಟ್ಟುಕೊಂಡು ಆಮ್ಯಾಲ ಸಹಿ ಹಾಕ್ರಿ. ನೋಂದಣಿ ಆದ ಮ್ಯಾಲ ತಿರುಗಿ ತಗೊಳ್ಳೋದು ಬಾಳ ಕಷ್ಟ. ಉಡಿ ತುಂಬೋ ದಿನಾನ ಸಹಿ ಹಾಕಬ್ಯಾಡ್ರಿ. ಆ ಎರಡು ಕೆಲಸ ಒಂದ ದಿನ ಬಂದ್ರ ಒಂದನ್ನ ಮುಂದ ಹಾಕ್ರಿ.

ಪೂರಾ ಪಾಲು ಬ್ಯಾಡ ಅನ್ನಾಕಿನೂ ಒಂದು ಅಂಕಣ ಮಾತ್ರ ಕೇಳಲಿ. ಬರವಣಿಗ್ಯಾಗ ಕೇಳಲಿ. ಬಾಗಲ ಇರೋದು, ಒಳಗಿನ ಚಿಲಕ ಇರೋದು. ತಿರುಗಿ ಬರೋ ಕಾಲ ಬರಲಿಲ್ಲ ಅಂದ್ರ ಅಣ್ಣನ ಮಕ್ಕಳ ಅಲ್ಲಿ ಓದಲಿ, ಜೋಳದ ಚೀಲ ಇಡಲಿ, ಯಾರು ಬ್ಯಾಡ ಅಂತಾರ? ಬಂದ್ರ ಹಾಸಿಗಿ ಎತ್ತಿ ಇಡೂ ಹಂಗ ಆಗಬಾರದು, ಅಷ್ಟ.

ವೈನಿಗೋಳ, ನಿಮಗ ಒಂದು ಮಾತು. ನಾದಿನಿ ಪಾಲು ಕೇಳಿದ ವರ್ಷಾನೂ ಆಕಿಗೆ ಉಡಿ ತುಂಬ್ರಿ. ಪಾಲು ಕೊಟ್ಟ ಮ್ಯಾಲೂ ತುಂಬ್ರಿ. ಅಂಕಣ ತಗೊಂಡಾಕಿಗೆ ಖಣ ಇಲ್ಲ ಅನ್ನೋ ರೂಢಿ ಮುರಿಯೋದು ನಿಮ್ಮ ಕೈಯಾಗ ಐತಿ, ನಿಮ್ಮ ಗಂಡಂದಿರ ಕೈಯಾಗ ಇಲ್ಲ. ಗಂಡ ಹೋದಾಕಿಗೂ ತುಂಬ್ರಿ. ಹಿರೀಮನಿಶಾರು ಯಾರರ ಗುಣುಗುಣು ಅಂದ್ರ ನನ್ನ ಹೆಸರು ಹೇಳ್ರಿ.

ಕಡೀಕ ಮತ್ತ ಅಂಕಣದ ಮಾತು, ಆದ್ರ ಇದು ಕಾಗದದ ಅಂಕಣ. ಹೊಲದ ಪಹಣಿಯೊಳಗ 9ನೇ ಕಾಲಮಿನಾಗ ಒಡೆತನ ಯಾರದು ಅಂತ ಹೆಸರು ಇರತೈತಿ, 12ನೇ ಕಾಲಮಿನಾಗ ಸಾಗುವಳಿ ಯಾರದು ಅಂತ ಇರತೈತಿ. ಮನಿಗೆ ಉತಾರ ಇರತೈತಿ. ನಿಮ್ಮ ಗಂಡನ ಮನಿ ಉತಾರದಾಗ ನಿಮ್ಮ ಹೆಸರು ಐತೋ ಇಲ್ಲೋ, ತವರಿನ ಪಹಣಿ ಮ್ಯಾಲ ಅಪ್ಪ ಹೋದ ಮ್ಯಾಲ ಯಾರ ಯಾರ ಹೆಸರು ಹತ್ಯಾವ, ಒಮ್ಮೆ ತಗಸಿ ನೋಡ್ರಿ. ಇದಕ್ಕ ಯಾರ ಜೋಡಿನೂ ಜಗಳ ಬೇಕಾಗಿಲ್ಲ. ಈ ಪಂಚಮಿಗೆ ತವರಿಗೆ ಹೋದಾಗ ಕೊಟ್ಟ ಖಣ ಪ್ರೀತಿಲೆ ಉಡಿಯಾಗ ಹಾಕಿಕೊಳ್ರಿ. ಮರುದಿನ ಮುಂಜಾನೆ ರೊಟ್ಟಿ ತಿಂದು, 'ಅಣ್ಣಾ, ಹೊಲದ ಪಹಣಿ ಒಂದು ಕಾಪಿ ಕೊಡು, ನೋಡೂನು' ಅನ್ರಿ. ಏನಂದ ಅಂತ ಬಂದು ಹೇಳ್ರಿ.